ಮೂಕ ಗಡಿಗಿ

ನಮ್ಮ ಅತ್ತೆಯ ಬಲಗಿವಿಯ ತುದಿ ಸುಟ್ಟು ಕರ್ರಗಾಗಿತ್ತು. ಹುಣಸೆಬೀಜದಷ್ಟು ಜಾಗ, ಮುಟ್ಟಿದರೆ ಒರಟು. ನಾನು ಮದುವೆಯಾಗಿ ಸಂಗೊಳ್ಳಿಯಿಂದ ಬೈಲಹೊಂಗಲಕ್ಕೆ ಬಂದ ಹೊಸದರಲ್ಲಿ ಅದು ಹುಟ್ಟುಮಚ್ಚೆ ಇರಬೇಕು ಅಂದುಕೊಂಡಿದ್ದೆ. ವಾರದೊಳಗೆ ನಿಜ ಗೊತ್ತಾಯಿತು. ಅವರು ಅಡುಗೆಯನ್ನು ಕಿವಿಯಿಂದ ಮಾಡುತ್ತಿದ್ದರು. ಗಡಿಗೆ ಕುದಿಯುವಾಗ ಮುಚ್ಚಳ ತೆಗೆದು ನೋಡುವವರಲ್ಲ, ಸೌಟು ಹಾಕಿ ಕಾಳು ಹಿಚುಕಿ ನೋಡುವವರೂ ಅಲ್ಲ. ಸೆರಗು ಹಿಂದಕ್ಕೆ ಸರಿಸಿ, ಬಲಗಿವಿಯನ್ನು ಗಡಿಗೆಯ ಹತ್ತಿರ ಒಯ್ದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ವರ್ಷಾನುಗಟ್ಟಲೆ ಉಗಿ ಬಡಿದು ಬಡಿದು ಆ ಕಿವಿ ಹಾಗಾಗಿತ್ತು.

"ನೀರು ಮಾತಾಡೂದ ಬ್ಯಾರೆ, ಕಾಳು ಮಾತಾಡೂದ ಬ್ಯಾರೆ," ಎಂದು ನನಗೆ ಕಲಿಸಲು ನೋಡುತ್ತಿದ್ದರು. ಮೊದಲು ನೀರು ಗುಳುಗುಳು ಅನ್ನುತ್ತದಂತೆ. ಆಮೇಲೆ ಕಾಳು ಒಡೆದು ಸಪ್ಪಳ ದಪ್ಪವಾಗುತ್ತದಂತೆ. ನಾನು ಎಷ್ಟು ಸಲ ಕಿವಿ ಒಡ್ಡಿದರೂ ನನಗೆ ಕೇಳಿಸಿದ್ದು ಕುದಿಯುವ ಸಪ್ಪಳ ಒಂದೇ. ಮಕ್ಕಳಿಗೆ ಪಾಠ ಹೇಳುವ ನಾನು ಅಡುಗೆಮನೆಯಲ್ಲಿ ಮಾತ್ರ ಹಿಂದಿನ ಬೆಂಚಿನ ದಡ್ಡಿ ಆಗಿದ್ದೆ.

ಅತ್ತೆಯ ತವರು ರಾಮದುರ್ಗದ ಕಡೆಯ ಸುರೇಬಾನ. ಮಳೆ ನೆಚ್ಚಿದ ಹೊಲಗಳು, ಜೋಳದ ಊಟ. ಗೋಧಿ ಹುಗ್ಗಿ ಎಂದರೆ ಅವರ ಬಾಲ್ಯದಲ್ಲಿ ವರ್ಷಕ್ಕೆ ನಾಲ್ಕು ಸಲ ಕಂಡರೆ ಹೆಚ್ಚು. ಅದಕ್ಕೇ ಹುಗ್ಗಿಯ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗೋಧಿಗೆ ನೀರು ಚಿಮುಕಿಸಿ, ಕುಟ್ಟಿ, ಹೊಟ್ಟು ಹಾರಿಸಿ, ರಾತ್ರಿ ನೆನೆಹಾಕಿ, ಮರುದಿನ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಗೋಧಿ ಪೂರ್ತಿ ಅರಳಿದ ಮೇಲೆಯೇ ಬೆಲ್ಲ. ಒಂದು ಕ್ಷಣ ಮೊದಲು ಹಾಕಿದರೂ ಕೆಲಸ ಕೆಟ್ಟಿತು, ಕಾಳು ಅಲ್ಲಿಗೇ ಬಿಗಿದುಕೊಂಡು ಕೂರುತ್ತದೆ. "ಬೆಲ್ಲ ಬಿದ್ದಮ್ಯಾಲ ಗೋದಿ ಬೇಯಂಗಿಲ್ಲ" ಎನ್ನುವುದು ಅವರ ಮಾತು. ಗೋಧಿಯ ಬಗ್ಗೆ ಮಾತ್ರ ಹೇಳುತ್ತಿದ್ದರು ಎಂದುಕೊಳ್ಳಬೇಡಿ.

ಮದುವೆಯಾದ ಎರಡನೆಯ ವರ್ಷ ನನ್ನ ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಉಳಿಯಲಿಲ್ಲ. ಸುದ್ದಿ ತಿಳಿದು ಬೀಗರು ಬಿಜ್ಜರೆಲ್ಲ ಬರತೊಡಗಿದರು. ಬಂದವರೆಲ್ಲರ ಬಾಯಲ್ಲೂ ಒಂದೇ ಸಮಾಧಾನ: ವಯಸ್ಸಿದೆ, ಇನ್ನೊಂದು ಆಗುತ್ತದೆ, ದೇವರು ದೊಡ್ಡವನು. ಅತ್ತೆ ನಾನು ಮಲಗಿದ್ದ ಕೋಣೆಯ ಹೊಸ್ತಿಲಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕೂತುಬಿಟ್ಟರು. ಆ ಬೇಳೆಯಲ್ಲಿ ಒಂದು ಹರಳೂ ಇರಲಿಲ್ಲ. ಬಂದವರಿಗೆ ಅಲ್ಲೇ ಚಹಾ ಕೊಟ್ಟು, ಅಲ್ಲಿಂದಲೇ ಕಳಿಸುತ್ತಿದ್ದರು. ಅವರು ಒಬ್ಬರಿಗೆ ಹೇಳಿದ ಮಾತು ನನ್ನ ಹಾಸಿಗೆಗೆ ಕೇಳಿಸಿತ್ತು.

"ಆಕಿ ಇನ್ನಾ ಕುದ್ಯಾಕ ಹತ್ತ್ಯಾಳ. ಬೆಲ್ಲ ಈಗ ಬ್ಯಾಡ್ರಿ."

ಎಂಟು ದಿನ ನನ್ನನ್ನು ಅಳಲು ಬಿಟ್ಟರು. ಒಂದು ಸಮಾಧಾನದ ಮಾತೂ ಆಡಲಿಲ್ಲ. ಎಂಥ ಕಲ್ಲೆದೆ ಎಂದು ನಾನು ಬೈದುಕೊಂಡಿದ್ದೂ ಉಂಟು. ಒಂಬತ್ತನೆಯ ದಿನ ಎಬ್ಬಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಹುಗ್ಗಿಯ ಬಟ್ಟಲು ಕೈಗಿಟ್ಟು, "ಈಗ ತಿನ್ನು" ಅಂದರು. ಆ ದಿನ ನನಗೆ ಹುಗ್ಗಿಯ ರುಚಿ ಹತ್ತಿತು. ಬದುಕಿನ ರುಚಿಯೂ ಹತ್ತಿತು ಎಂದರೆ ತಪ್ಪಿಲ್ಲ. ಆ ಮೇಲೆ ಹುಟ್ಟಿದ ಮಗಳು ಈಗ ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ.

ಇನ್ನೊಂದು ಕಟ್ಟಳೆ ಅವರದಿತ್ತು. ಹೊರಗಿನಿಂದ ದಣಿದು ಬಂದವರ ಜೊತೆ ಯಾರೂ ಮಾತಾಡಕೂಡದು. ಮೊದಲು ಕೈಕಾಲು, ಆಮೇಲೆ ತಾಟು, ಆಮೇಲೆ ಸುದ್ದಿ. ನಾನು ಸವದತ್ತಿ ತಾಲ್ಲೂಕಿನ ಮನೋಳಿಯ ಹತ್ತಿರ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಎರಡು ಬಸ್ಸು ಬದಲಿಸಿ ಹೋಗಿ, ಎರಡು ಬಸ್ಸು ಬದಲಿಸಿ ಬರುವ ಹೊತ್ತಿಗೆ ಸಂಜೆ ಆರು. ಬಸ್ಸಿನಲ್ಲಿ ನಿಂತು ಬಂದ ಸಿಟ್ಟೆಲ್ಲ ಬಾಗಿಲಲ್ಲೇ ಯಾರ ಮೇಲಾದರೂ ಕಾರಬೇಕು ಅನ್ನುವಷ್ಟರಲ್ಲಿ ಅತ್ತೆ ಅಂಗೈ ಎತ್ತಿ ತಡೆಯುತ್ತಿದ್ದರು. "ಉಂಡಮ್ಯಾಲ ಮಾತು." ಉಂಡು ಏಳುವಷ್ಟರಲ್ಲಿ ಅರ್ಧ ಜಗಳ ಮರೆತೇ ಹೋಗಿರುತ್ತಿತ್ತು. ನಮ್ಮ ಸಂಸಾರ ಇಷ್ಟು ವರ್ಷ ನೆಟ್ಟಗೆ ನಡೆದದ್ದರಲ್ಲಿ ಆ ಅಂಗೈಯ ಪಾಲು ದೊಡ್ಡದು.

ಅಂಥವರ ಕೈಯಡುಗೆ ಕೆಡತೊಡಗಿದ್ದು ನಾಲ್ಕು ವರ್ಷದ ಹಿಂದೆ. ಬೇಳೆ ತಳ ಹಿಡಿಯಿತು. ಮಡಕೆಕಾಳು ಕರ್ರಗಾಯಿತು. ಕುಕ್ಕರಿನ ಸೀಟಿ ಒಂಬತ್ತು ಹೊಡೆದರೂ ಅವರು ಅಂಗಳದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ವಯಸ್ಸಾಯಿತು, ಮರೆವು ಬಂತು ಎಂದು ನಾನು, ನನ್ನ ಗಂಡ ಮಾತಾಡಿಕೊಂಡೆವು. ಒಂದು ಮಧ್ಯಾಹ್ನ ಹಾಲು ಉಕ್ಕಿ ಗ್ಯಾಸಿನ ಉರಿ ಆರಿತು. ಗ್ಯಾಸು ಮಾತ್ರ ಬುಸ್ಸೆಂದು ಬರುತ್ತಲೇ ಇತ್ತು. ನಾವೆಲ್ಲ ಕಾಕು ಎನ್ನುವ ಎದುರು ಮನೆಯ ಹಿರಿ ಹೆಂಗಸಿಗೆ ಬೀದಿಯವರೆಗೆ ವಾಸನೆ ಬಡಿದು, ಓಡಿ ಬಂದು ಬಂದ್ ಮಾಡಿದರು. ಅತ್ತೆ ಅಡುಗೆಮನೆಯ ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರಂತೆ. ಆಗ ಅವರಿಗೆ ನೆಗಡಿ ಬೇರೆ ಆಗಿತ್ತು.

ನನ್ನ ಗಂಡ ಕಿತ್ತೂರಿನ ಕಡೆ ಲೈನ್‌ಮನ್. ಬೆಂಕಿ, ಕರೆಂಟು ಎಂದರೆ ಮೊದಲೇ ಹೆದರಿಕೆಯ ಮನುಷ್ಯ. ಮರುದಿನದಿಂದ ಕೆಲಸಕ್ಕೆ ಹೊರಡುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಕಪಾಟಿನ ಮೇಲೆ ಇಡತೊಡಗಿದರು. ಅತ್ತೆ ನೋಡುತ್ತಿದ್ದರು. ನನಗೆ ಆಗ ಅನಿಸಿದ್ದು ನಿರಾಳ. ಅವರಿಗೆ ಏನನಿಸಿತು ಎಂದು ಕೇಳಬೇಕೆಂದು ಹೊಳೆಯಲೂ ಇಲ್ಲ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಲ್ಲಿಂದ ಅವರ ಮಧ್ಯಾಹ್ನದ ಊಟ ಎಂದರೆ ಬೆಳಿಗ್ಗೆ ನಾನು ಗಡಿಬಿಡಿಯಲ್ಲಿ ಮಾಡಿಟ್ಟ ರೊಟ್ಟಿ, ಪಲ್ಯ. ಒಂದು ಗಂಟೆಗೆ ರೊಟ್ಟಿ ಹಪ್ಪಳದಂತೆ. ಬಿಸಿ ಇರುವ ಡಬ್ಬಿಯಲ್ಲಿ ಇಟ್ಟರೆ ಬೆವತು ಹಸಿ ಅರಿವೆಯಂತೆ. ಅತ್ತೆಯ ಬಾಯಲ್ಲಿ ಆಗ ಉಳಿದಿದ್ದು ಮುಂದಿನ ಮೂರು ಹಲ್ಲು. ಸಂಜೆ ಬಂದು ಬುಟ್ಟಿ ನೋಡಿದರೆ ರೊಟ್ಟಿ ಖಾಲಿಯಾಗಿರುತ್ತಿದ್ದವು. ಉಂಡಿದ್ದಾರೆ ಎಂದು ನಾನು ಆರಾಮಾಗಿದ್ದೆ. ಒಂದು ದಿನ ಅವರ ಕೈಬಳೆ ಮೊಣಕೈವರೆಗೆ ಜಾರಿದ್ದು ಕಂಡಿತು. ಅದೇ ವಾರ ಕಾಕು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಹೇಳಬೇಕೋ ಬೇಡವೋ ಎಂದು ಅನುಮಾನಿಸುತ್ತ ಹೇಳಿದರು: "ನಿಮ್ಮತ್ತಿ ದಿನಾ ರೊಟ್ಟಿ ತಂದು ನಮ್ಮ ಎಮ್ಮಿಗೆ ಹಾಕ್ತಾಳವಾ."

ಅಂದು ಸಂಜೆಯೇ ಮನೆಯಲ್ಲಿ ಮಾತು ತೆಗೆದೆ. ಅಡುಗೆಯವಳನ್ನು ಇಡೋಣ ಎಂದರೆ ಅತ್ತೆ ಒಪ್ಪಲಿಲ್ಲ. ಅವರ ಅಡುಗೆಮನೆಗೆ ಇನ್ನೊಬ್ಬಳು ಬಂದು ಅವರನ್ನು ಹೊರಗೆ ಕೂರಿಸುವುದೆಂದರೆ ಉಪವಾಸವೇ ವಾಸಿ ಎಂದರು. ಗ್ಯಾಸು ಅವರ ಕೈಗೆ ಕೊಡುವಂತಿಲ್ಲ. ಉಳಿದದ್ದು ನಾನು ಕೆಲಸ ಬಿಡುವುದು. ಬಿಡಲು ನನಗೆ ಮನಸ್ಸಿರಲಿಲ್ಲ, ಬಿಡದಿದ್ದರೆ ಮನೆಯಲ್ಲಿ ಹಿರಿಜೀವ ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ, ಬೆಂಕಿಯಿಲ್ಲದೆ, ಬಿಸಿಯಾದ ಮೆತ್ತನೆಯ ಊಟ. ನನಗೆ ಬೇಕಾಗಿದ್ದದ್ದು ಇಷ್ಟೇ.

ಶಾಲೆಯಲ್ಲಿ ನನ್ನ ಜೊತೆಯ ಶಿಕ್ಷಕಿಯೊಬ್ಬರ ಮನೆಯಲ್ಲಿ ಸ್ಲೋ ಕುಕ್ಕರ್ ಇತ್ತು. ಅವರ ತಮ್ಮ ಪುಣೆಯಿಂದ ತಂದುಕೊಟ್ಟದ್ದು. ಒಳಗೆ ದಪ್ಪ ಪಿಂಗಾಣಿಯ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಹೊರಗೆ ಕರೆಂಟಿನ ಕವಚ, ತಿರುಗಿಸಲು ಒಂದು ಗುಂಡಿ. ಬೆಳಿಗ್ಗೆ ಕಾಳು ನೀರು ಹಾಕಿ ಹೋದರೆ ಸಣ್ಣ ಕಾವಿನಲ್ಲಿ ತಾನೇ ಬೇಯುತ್ತ ಇರುತ್ತದೆ, ಉರಿ ಇಲ್ಲ, ಉಕ್ಕುವುದಿಲ್ಲ, ಸೀಯುವುದೂ ಕಡಿಮೆ. ನಾನು ಬಸ್ಸಿನಲ್ಲಿ ಒಂದು ವಾರ ಅದನ್ನೇ ತೂಗಿ ನೋಡಿದೆ. ಅದರಲ್ಲಿ ರೊಟ್ಟಿ ಆಗುವುದಿಲ್ಲ. ಒಗ್ಗರಣೆ ಆಗುವುದಿಲ್ಲ. ನಾಲ್ಕು ಸೀಟಿಯಲ್ಲಿ ಆಗುವ ಬೇಳೆಗೆ ನಾಲ್ಕು ಗಂಟೆ ಬೇಕು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸರಿಗೇ ಜಾಗವಿಲ್ಲ. ಮನೆಯವರ ತಕರಾರು ಬೇರೆ. "ಕರೆಂಟ್ ಹೋದ್ರ ಊರ ಮಂದಿ ನನ್ನ ಬೈತಾರ. ಇನ್ನ ಮನ್ಯಾಗೂ ಬೈಸ್ಕೋಬೇಕೇನ?" ಎಂದರು.

ಸಹೋದ್ಯೋಗಿ ಒಳ್ಳೆಯ ಮನಸ್ಸಿನವರು. ಕೊಳ್ಳುವ ಮುಂಚೆ ಹದಿನೈದು ದಿನ ಇಟ್ಟುಕೊಂಡು ನೋಡಿರಿ ಎಂದು ತಮ್ಮದನ್ನೇ ಕೊಟ್ಟರು. ಚೀಲದಲ್ಲಿ ಕೂಸನ್ನು ಹೊತ್ತಂತೆ ಹೊತ್ತು ಎರಡು ಬಸ್ಸು ಬದಲಿಸಿ ತಂದೆ. ಅತ್ತೆ ಅದರ ಸುತ್ತ ಒಂದು ಸುತ್ತು ಬಂದರು. ಬೆರಳಿನಿಂದ ಪಿಂಗಾಣಿಯನ್ನು ಬಡಿದರು. ಗಾಜಿನ ಮುಚ್ಚಳವನ್ನು ಬೆಳಕಿಗೆ ಹಿಡಿದರು. ಹೆಣ್ಣು ನೋಡಲು ಬಂದ ಬೀಗರು ಕೂಡ ನನ್ನನ್ನು ಅಷ್ಟು ನೋಡಿರಲಿಲ್ಲ. ಕೊನೆಗೆ, ಮನೆಗೆ ಬಂದ ಹೊಸ ಗಡಿಗೆಯಲ್ಲಿ ಮೊದಲ ಅಡುಗೆ ಸಿಹಿಯದಾಗಬೇಕು, ಹುಗ್ಗಿ ಮಾಡು ಎಂದರು. ಎರವಲು ತಂದದ್ದು ಎಂದು ನಾನು ಹೇಳಿದ್ದು ಲೆಕ್ಕಕ್ಕೆ ಬರಲಿಲ್ಲ.

ಅಲ್ಲಿ ನಾನು ಎಡವಿದೆ. ಅದರ ಜೊತೆ ಬಂದ ಪುಸ್ತಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ, ಮುಚ್ಚಿ, ಕೆಲಸಕ್ಕೆ ಹೋಗಿ ಎಂದು ಬರೆದಿತ್ತು. ಓದಿದವಳಲ್ಲವೆ, ಪುಸ್ತಕ ನಂಬುವವಳು. ನೆನೆದ ಗೋಧಿ, ನೀರು, ಕುಟ್ಟಿದ ಬೆಲ್ಲ, ಏಲಕ್ಕಿ, ಗಸಗಸೆ ಎಲ್ಲ ಒಟ್ಟಿಗೆ ಸುರಿದು, ಗುಂಡಿ ತಿರುಗಿಸಿ ಬಸ್ಸು ಹಿಡಿದೆ. ಹದಿನೆಂಟು ವರ್ಷ ಅತ್ತೆಯ ಬಾಯಿಂದ ದಿನಕ್ಕೊಮ್ಮೆ ಕೇಳಿದ ಮಾತು ಆ ಬೆಳಿಗ್ಗೆ ನೆನಪಿಗೆ ಬರಲಿಲ್ಲ. ಹುಗ್ಗಿ ಗಡಿಗೆಗೆ ಬೇರೆ, ಯಂತ್ರಕ್ಕೆ ಬೇರೆ ಅಂದುಕೊಂಡೆನೋ ಏನೋ.

ಸಂಜೆ ಬಂದು ಮುಚ್ಚಳ ತೆಗೆದರೆ ಬೆಲ್ಲದ ನೀರಿನಲ್ಲಿ ಗೋಧಿ ಹರಳಿನಂತೆ ಮುಳುಗಿ ಕೂತಿತ್ತು. ಹತ್ತು ಗಂಟೆ ಕಾವು ಕೊಟ್ಟರೂ ಹಲ್ಲಿಗೆ ಸಿಕ್ಕರೆ ಕಟಕ್ ಎನ್ನುತ್ತಿತ್ತು. ಅತ್ತೆ ಮಧ್ಯಾಹ್ನ ಉಂಡಿರಲಿಲ್ಲ. ನನಗೆ ಅಳು ಬಂತು. ಕಟ್ಟೆಯ ಮೇಲಿನಿಂದ ಅದನ್ನು ಎತ್ತಿ, ನಾಳೆಯೇ ತಿರುಗಿ ಕೊಟ್ಟು ಬರುತ್ತೇನೆ, ರಜೆಯ ಅರ್ಜಿಯನ್ನೂ ಬರೆಯುತ್ತೇನೆ ಎಂದೆ. ಅತ್ತೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಒಸಡಿನಿಂದ ಒತ್ತಿ ನೋಡಿ, ತಾಟಿನ ಅಂಚಿಗೆ ಉಗಿದರು.

"ತಪ್ಪು ಗಡಿಗಿದಲ್ಲ. ಬೆಲ್ಲ ಹಾಕಾವ್ರು ಮನ್ಯಾಗ ಇರ್ಬೇಕು."

ಕೊಟ್ಟು ಬರಲು ಅವರು ಬಿಡಲಿಲ್ಲ. ಎರಡು ದಿನ ಕಳೆದು ರವಿವಾರ. ಮತ್ತೆ ಗೋಧಿ ಹಾಕಿದೆವು, ಈ ಸಲ ಬೆಲ್ಲವಿಲ್ಲದೆ. ಮನೆಯವರು ಹೊರಗೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ಹತ್ತು ಗಂಟೆಯ ಸುಮಾರಿಗೆ ಅತ್ತೆ ಅಡುಗೆಮನೆಗೆ ಹೋದರು. ನಾನು ನಡುಮನೆಯಲ್ಲಿ ಬಟ್ಟೆ ಮಡಿಸುತ್ತ ಕೂತಿದ್ದೆ, ಬಾಗಿಲಿನಿಂದ ಕಾಣುತ್ತಿತ್ತು. ಸೆರಗು ಹಿಂದಕ್ಕೆ ಸರಿಸಿ, ಬಗ್ಗಿ, ಆ ಸುಟ್ಟ ಕಿವಿಯನ್ನು ಗಾಜಿನ ಮುಚ್ಚಳದ ಹತ್ತಿರ ಒಯ್ದರು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಆಮೇಲೆ ಎಡಗಿವಿ ಇಟ್ಟರು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದರು. ಪರೀಕ್ಷೆಯಲ್ಲಿ ಉತ್ತರ ಬಾರದ ಮಗು ಪಕ್ಕದವರನ್ನು ನೋಡುವ ನೋಟ ಅದು. ವರ್ಷವಿಡೀ ಅಂಥ ನೋಟ ನೋಡುವವಳು ನಾನು, ತಟ್ಟನೆ ಗುರುತು ಹತ್ತಿತು. ಒಂಬತ್ತು ಸೀಟಿ, ಸೀದ ಬೇಳೆ, ಬುಸ್ಸೆನ್ನುವ ಗ್ಯಾಸಿನ ಪಕ್ಕ ಬೆಳ್ಳುಳ್ಳಿ ಸುಲಿಯುತ್ತ ಕೂತದ್ದು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಅದು ಮರೆವಲ್ಲ. ಕಿವಿಯಿಂದ ಅಡುಗೆ ಮಾಡುತ್ತಿದ್ದವರಿಗೆ ಕಿವಿ ಕೈಕೊಟ್ಟಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ನಾನು ಎದ್ದು ಹತ್ತಿರ ಹೋಗಿ, ಅವರ ಮುಖಕ್ಕೆ ಮುಖ ಕೊಟ್ಟು ಬಿಡಿಸಿ ಬಿಡಿಸಿ ಹೇಳಿದೆ. "ಅತ್ತೀ, ಇದು ಸಪ್ಪಳ ಮಾಡೂದ ಇಲ್ಲರಿ."

"ಯಾರಿಗೂ ಕೇಳ್ಸಂಗಿಲ್ಲ?"

"ಯಾರಿಗೂ ಇಲ್ಲರಿ. ನನಗೂ ಇಲ್ಲ."

ಅವರ ಮುಖ ಸಡಿಲಾಯಿತು. ಎಷ್ಟೋ ತಿಂಗಳಿಂದ ಬಿಗಿ ಹಿಡಿದಿದ್ದನ್ನು ಕೆಳಗಿಟ್ಟವರಂತೆ ಉಸಿರು ಬಿಟ್ಟರು. ಗಾಜಿನ ಮುಚ್ಚಳದ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರು.

"ಹಂಗಾರ ಚಲೋ ಆತು. ನಾ ಕೆಪ್ಪಿ, ಇದು ಮೂಕ. ಜೋಡಿ ಕೂಡೇತಿ."

ಹಾಗೆ ಹೇಳಿ ನಕ್ಕರು. ನಾನು ನಗಲು ಹೋಗಿ ಅತ್ತುಬಿಟ್ಟೆ. ಅವರು ನನ್ನ ಸಮಾಧಾನ ಮಾಡಲಿಲ್ಲ, ಅಳಲು ಬಿಟ್ಟರು. ಅಂದು ಗೋಧಿ ಹೂವಿನಂತೆ ಅರಳಿತು. ಮಧ್ಯಾಹ್ನ ಮುಚ್ಚಳ ತೆಗೆದು, ಎರಡು ಬೆರಳಿನ ನಡುವೆ ಕಾಳು ಒತ್ತಿ ನೋಡಿ, ಬೆಲ್ಲವನ್ನು ತಮ್ಮ ಕೈಯಾರೆ ಹಾಕಿದರು.

ಸಹೋದ್ಯೋಗಿಯದನ್ನು ತೊಳೆದು ಒರೆಸಿ ಹಿಂದಿರುಗಿಸಿ, ನಮ್ಮದೇ ಒಂದು ಕೊಂಡೆವು. ಮನೆಯವರು ಅದಕ್ಕೆ ಬೇರೆ ಪ್ಲಗ್ ಹಾಕಿಕೊಟ್ಟರು, ಮಿಕ್ಸರ್ ಕಪಾಟು ಸೇರಿತು. ಗುಂಡಿಯ ಮೇಲಿನ ಇಂಗ್ಲಿಷ್ ಅಕ್ಷರ ಅತ್ತೆಗೆ ಓದಲು ಬಾರದು. ಹಣೆಗೆ ಹಚ್ಚುವ ಟಿಕಳಿಯನ್ನೇ ಅಂಟಿಸಿದೆ. ಕೆಂಪು ಟಿಕಳಿಗೆ ತಿರುಗಿಸಿದರೆ ಬೇಯುತ್ತದೆ, ಹಸಿರು ಟಿಕಳಿಗೆ ತಿರುಗಿಸಿದರೆ ಬೆಂದದ್ದು ಬಿಸಿಯಾಗಿಯೇ ಇರುತ್ತದೆ. ತಾವು ವಿಭೂತಿ ಹಚ್ಚಿಕೊಳ್ಳುವವರು, ಗಡಿಗೆಗೆ ಟಿಕಳಿಯ ಸಿಂಗಾರ ಬಂತಲ್ಲ ಎಂದು ಅತ್ತೆ ತಮಾಷೆ ಮಾಡಿದರು. ಅದರ ಹೆಸರು ಮನೆಯಲ್ಲಿ ಮೂಕ ಗಡಿಗಿ ಎಂದೇ ಆಯಿತು. ಎದುರು ಮನೆಯ ಕಾಕು ಕೂಡ, ಇವತ್ತು ಮೂಕನ ಹೊಟ್ಟ್ಯಾಗ ಏನೈತಿ ಎಂದು ಕೇಳುತ್ತ ಬರುತ್ತಿದ್ದರು.

ನಿಜ ಹೇಳಬೇಕೆಂದರೆ ಅಡುಗೆಯನ್ನೆಲ್ಲ ನಾನೇ ಬೆಳಿಗ್ಗೆ ಮುಗಿಸಿ ಹೋಗುವ ಹಾಗೆ ಮಾಡಬಹುದಿತ್ತು. ಹುಗ್ಗಿಯ ಮಾತು ಬಿಡಿ, ಅದು ಅಪರೂಪಕ್ಕೆ. ದಿನದ ಊಟಕ್ಕೆ ಜೋಳದ ನುಚ್ಚು, ಬೇಳೆ, ಹೆಸರುಕಾಳು. ಆದರೆ ಬೇಳೆಗೂ ಒಂದು ಹಟವಿದೆ. ಹುಣಸೆಹುಳಿ ಮೊದಲೇ ಬಿದ್ದರೆ ಅದೂ ಮೆತ್ತಗಾಗುವುದಿಲ್ಲ. ಅತ್ತೆ ಅದನ್ನು ನೆನಪಿಸಿದ್ದೇ ನನಗೆ ದಾರಿ ಸಿಕ್ಕಂತಾಯಿತು. ದಿನವೂ ಒಂದಾದರೂ ಕೆಲಸವನ್ನು ಅವರ ಪಾಲಿಗೆ ಬಿಟ್ಟು ಹೋಗತೊಡಗಿದೆ. ಮೂಕ ಗಡಿಗಿಯ ಪಕ್ಕ ಒಂದು ಸಣ್ಣ ತಾಟು. ಬೇಳೆಯ ದಿನ ಅದರಲ್ಲಿ ಕಿವುಚಿದ ಹುಳಿಯ ಬಟ್ಟಲು, ನುಚ್ಚಿನ ದಿನ ಉಪ್ಪು, ಕಡೆದ ಮಜ್ಜಿಗೆ, ಹುಗ್ಗಿಯ ದಿನ ಬೆಲ್ಲ. ಗಡಿಯಾರ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಹಿತ್ತಲ ಬಾಗಿಲ ಹೊಸ್ತಿಲಿನಿಂದ ಬಿಸಿಲು ಸರಿದರೆ ಅವರ ಹೊತ್ತು. ಎದ್ದು, ಕೈತೊಳೆದು, ಒಂದು ಕಾಳು ಒತ್ತಿ ನೋಡಿ, ತಾಟಿನದನ್ನು ಹಾಕಿ, ತಿರುವಿ, ಹಸಿರು ಟಿಕಳಿಗೆ ತಿರುಗಿಸಿ, ಬಿಸಿ ಊಟ ಮಾಡುತ್ತಿದ್ದರು.

ನೀರಿನ ಲೆಕ್ಕವನ್ನೂ ಅವರೇ ಕಂಡುಹಿಡಿದರು. ಮುಚ್ಚಳಕ್ಕೆ ಬಡಿದ ಉಗಿ ಮತ್ತೆ ಒಳಗೇ ಇಳಿಯುತ್ತದೆ, ಇದಕ್ಕೆ ಒಲೆಯ ಅಳತೆ ನಡೆಯುವುದಿಲ್ಲ, ಅರ್ಧ ಗ್ಲಾಸು ಕಡಿಮೆ ಇಡು ಎಂದು ಮೂರನೆಯ ದಿನವೇ ಹೇಳಿದರು. ಕರೆಂಟು ಹೋದ ದಿನ ಮುಚ್ಚಳ ತೆಗೆಯದೆ ಮೇಲೊಂದು ಹಳೆಯ ಕೌದಿ ಹೊದಿಸಿ ಇಡುತ್ತಿದ್ದರು. ಚಳಿಜ್ವರ ಬಂದವರನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದರು. ನಾಲ್ಕು ತಿಂಗಳಿಗೆ ಬಳೆ ಮಣಿಕಟ್ಟಿಗೆ ಇಳಿದು ನಿಂತವು. ಕಾಕುವಿನ ಎಮ್ಮೆಗೆ ರೊಟ್ಟಿ ತಪ್ಪಿತು.

ಒಮ್ಮೆ ಮಾತ್ರ ನನ್ನನ್ನು ಗದರಿದ್ದುಂಟು. ಒಂದು ದಿನ ಅವರಿಗೆ ಮೈ ಬಿಸಿಯಾಗಿತ್ತು. ಮಲಗಿಯೇ ಇರಲಿ ಎಂದು ನಾನು ಬೇಳೆ ಬೇಯಿಸಿ, ಹುಳಿ ಉಪ್ಪು ಹಾಕಿ, ಎಲ್ಲ ಮುಗಿಸಿ ಹೋಗಿದ್ದೆ. ಸಂಜೆ ಬಂದರೆ ಮೋರೆ ಗಂಟಿಕ್ಕಿ ಕೂತಿದ್ದರು. ಉಂಡ ಮೇಲೆ ಕೇಳಿದರು. "ತಾಟು ಯಾಕ ಇಟ್ಟಿಲ್ಲ? ನಾ ಇನ್ನಾ ಅದೇನಿ." ಅಂದಿನಿಂದ ಅವರು ಜ್ವರದಲ್ಲಿದ್ದರೂ ನಾನು ತಾಟು ಮರೆಯಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಹೋದ ವರ್ಷ ಶಿವರಾತ್ರಿ ಮುಗಿದ ವಾರ ಅತ್ತೆ, ಹುಗ್ಗಿ ತಿಂದು ಬಹಳ ದಿನವಾಯಿತು, ನಾಳೆ ಗೋಧಿ ಇಡು ಎಂದರು. ಇಟ್ಟು ಹೋದೆ. ತಾಟಿನಲ್ಲಿ ಬೆಲ್ಲ, ಏಲಕ್ಕಿ ಪುಡಿ, ಒಣಕೊಬ್ಬರಿಯ ತುರಿ.

ಅಂದು ಶಾಲೆಗೆ ಹೊಸದಾಗಿ ಬಂದ ಹುಡುಗಿ, ಇನ್ನೂ ಮದುವೆಯ ಹಸಿರು ಬಳೆ ತೆಗೆಯದ ಶಿಕ್ಷಕಿ, ನನ್ನನ್ನು ಕೇಳಿದಳು: ಈ ಸ್ಲೋ ಕುಕ್ಕರ್ ಮನೆಗೆ ತಗೊಳ್ಳೋದು ಒಳ್ಳೆಯದೋ, ಸುಮ್ಮನೆ ಜಾಗಕ್ಕೆ ದಂಡವೋ? ನಾನು, "ಬೆಲ್ಲ ಹಾಕಾವ್ರು ಮನ್ಯಾಗ ಅದಾರೇನ ನೋಡ್ಕೋ. ಇದ್ರ ತಗೋ" ಎಂದೆ. ಅವಳಿಗೆ ತಿಳಿಯಲಿಲ್ಲ. ನನಗೆ ಮಾತ್ರ ನನ್ನ ಉತ್ತರದ ಮೇಲೆ ಬಹಳ ಪ್ರೀತಿ ಬಂತು. ಅತ್ತೆಗೆ ಹೇಳಬೇಕು, ಅವರು ಮೂರು ಹಲ್ಲು ತೋರಿಸಿ ನಗುವುದನ್ನು ನೋಡಬೇಕು ಎಂದು ಎರಡು ಬಸ್ಸಿನುದ್ದಕ್ಕೂ ಅದನ್ನೇ ನೆನೆಯುತ್ತ ಬಂದೆ.

ಆರು ಗಂಟೆ. ಬಾಗಿಲು ಚಿಲಕವಿಲ್ಲದೆ ಮುಚ್ಚಿತ್ತು. ಕೂಗುವ ರೂಢಿ ನಮ್ಮಲ್ಲಿ ಎಂದೋ ತಪ್ಪಿತ್ತು, ಅವರಿಗೆ ಕೇಳಿಸುವುದಿಲ್ಲವಲ್ಲ. ನಡುಮನೆಯಲ್ಲಿ ಅತ್ತೆ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿದ್ದೆ ಹತ್ತಿರಬೇಕು, ಎಬ್ಬಿಸುವುದು ಬೇಡ, ಹೇಗೂ ಉಂಡ ಮೇ‍ಲೆಯೇ ಮಾತು. ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ತಾಟು ಖಾಲಿ. ಗುಂಡಿ ಹಸಿರು ಟಿಕಳಿಗಿತ್ತು. ಅವರ ಬಟ್ಟಲನ್ನು ತೊಳೆದು ಬೋರಲು ಹಾಕಿದ್ದರು. ನನ್ನ ಬಟ್ಟಲು ಗಡಿಗೆಯ ಪಕ್ಕದಲ್ಲಿತ್ತು, ಅದರ ಮೇಲೆ ತುಪ್ಪದ ಚಮಚ. ಬಿಸಿ ಹುಗ್ಗಿ ಹಾಕಿಕೊಂಡು, ತುಪ್ಪ ಬಿಟ್ಟು, ಮಣೆಯ ಮೇಲೆ ಕೂತು ನಿಧಾನವಾಗಿ ಉಂಡೆ. ಗೋಧಿ ನಾಲಿಗೆಗೆ ಸಿಕ್ಕರೆ ಕರಗುತ್ತಿತ್ತು. ಬೆಲ್ಲ ಸರಿಯಾದ ಹೊತ್ತಿಗೆ ಬಿದ್ದಿತ್ತು. ಎರಡನೆಯ ಸಲವೂ ಹಾಕಿಕೊಂಡೆ.

ಆಮೇಲೆ ನನ್ನ ಮಾತು ಹೇಳಲು ಹೋಗಿ, ಭುಜ ಮುಟ್ಟಿದೆ. ತಣ್ಣಗಿತ್ತು.

ಮುಂದಿನದೆಲ್ಲ ಎಲ್ಲರ ಮನೆಯಲ್ಲೂ ಆಗುವಂಥದೇ. ಮನೆಯವರು ಬಂದರು, ಮಗಳು ಬಂದಳು, ಸುರೇಬಾನದಿಂದ ಸಂಗೊಳ್ಳಿಯಿಂದ ಮಂದಿ ಬಂದರು. ಅತ್ತೆಯನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿದರು. ಸಾವಿನ ಮನೆಯಲ್ಲಿ ಮಣ್ಣು ಮುಗಿಯುವವರೆಗೆ ಯಾರೂ ಒಂದು ತುತ್ತು ಬಾಯಿಗಿಡುವುದಿಲ್ಲ. ಎಲ್ಲರೂ ಅಳುತ್ತಿದ್ದರು. ನನಗೆ ಮಾತ್ರ ಅಳು ಬರುತ್ತಿರಲಿಲ್ಲ. ನನ್ನ ಬಾಯಲ್ಲಿ ಇನ್ನೂ ಬೆಲ್ಲದ ಸಿಹಿ ಇತ್ತು. ಹೆಣವನ್ನು ಪಕ್ಕದ ಕೋಣೆಯಲ್ಲಿ ಇಟ್ಟುಕೊಂಡು ತುಪ್ಪ ಸುರಿದು ಎರಡು ಬಟ್ಟಲು ಉಂಡವಳು ನಾನು. ಯಾರಿಗೆ ಹೇಳುವುದು? ಕೊನೆಗೆ ತಡೆಯಲಾರದೆ ಎದುರು ಮನೆಯ ಕಾಕುವನ್ನು ಅಡುಗೆಮನೆಗೆ ಕರೆದು, ಬಾಗಿಲು ಓರೆ ಮಾಡಿ ಹೇಳಿಬಿಟ್ಟೆ. ಎಂಥ ಪಾಪ ಮಾಡಿದೆ ನೋಡ್ರಿ ಕಾಕು ಎಂದೆ.

ಕಾಕು ಮೂಕ ಗಡಿಗಿಯ ಕಡೆ ನೋಡಿದರು. ಖಾಲಿ ತಾಟು ನೋಡಿದರು. ಬೋರಲು ಹಾಕಿದ್ದ ಅತ್ತೆಯ ಬಟ್ಟಲು ನೋಡಿದರು. ಆಮೇಲೆ ನನ್ನ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು.

"ಹುಚ್ಚಿ. ಆಕಿ ತಾನೂ ಉಂಡು, ನಿನ್ನೂ ಉಣಿಸಿ ಹೋಗ್ಯಾಳ. ಉಂಡಿ ಅಲಾ? ಈಗ ಅಳು."

ಆಗ ನಾನು ಅತ್ತುಬಿಟ್ಟೆ. ಕಾಕು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಸಮಾಧಾನ ಹೇಳಲು ಬಂದ ಯಾರನ್ನೂ ಒಳಗೆ ಬಿಡಲಿಲ್ಲ. ಉಳಿದ ಹುಗ್ಗಿಯನ್ನು ಆಮೇಲೆ ಅವರೇ ಒಯ್ದು ತಮ್ಮ ಎಮ್ಮೆಗೆ ಹಾಕಿದರಂತೆ.

ಮೂಕ ಗಡಿಗಿ ಈಗಲೂ ಕಟ್ಟೆಯ ಮೇಲಿದೆ, ಟಿಕಳಿ ಮಾಸಿವೆ. ಹುಗ್ಗಿಯ ದಿನ ಪಕ್ಕದಲ್ಲಿ ತಾಟು ಇಟ್ಟೇ ಹೋಗುತ್ತೇನೆ. ಸಂಜೆ ಆರಕ್ಕೆ ಬಂದು, ಒಂದು ಕಾಳು ಒತ್ತಿ ನೋಡಿ, ಬೆಲ್ಲವನ್ನು ನಾನೇ ಹಾಕುತ್ತೇನೆ. ಊಟ ತಡವಾಗುತ್ತದೆ. ಆ ಹೊಸ ಶಿಕ್ಷಕಿ ಹೋದ ತಿಂಗಳು ಸ್ಲೋ ಕುಕ್ಕರ್ ಕೊಂಡಳು. ಅವಳ ಅತ್ತೆಗೆ ಓದಲು ಬರುವುದಿಲ್ಲವಂತೆ. ನಾನು ಪರ್ಸಿನಿಂದ ಒಂದು ಹಾಳೆ ಟಿಕಳಿ ತೆಗೆದು ಅವಳ ಕೈಗೆ ಕೊಟ್ಟೆ. ಯಾಕೆಂದು ಕೇಳಿದಳು. ಮಧ್ಯಾಹ್ನದ ಹೊತ್ತು, ಅವಳಿನ್ನೂ ಡಬ್ಬಿ ಬಿಚ್ಚಿರಲಿಲ್ಲ. ಮೊದಲು ಉಣ್ಣು, ಆಮೇಲೆ ಹೇಳುತ್ತೇನೆ ಎಂದೆ.